ಹೋಗುವ ಮೊದಲೇ ವಾಪಸ್

ಮಲೇಷ್ಯಾಕ್ಕೆ ಹೊರಟವನಿಗೆ ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಎದುರಾದ ಮೊದಲ ಪ್ರಶ್ನೆ: “ಸರ್, ರಿಟರ್ನ್ ಟಿಕೆಟ್?”

ಇನ್ನೂ ಹೋಗೇ ಇಲ್ಲ, ಆಗಲೇ ಬರುವ ಮಾತು! ಸುತ್ತಾಡಿ ಸಾಕಾದ ದಿನ ಬುಕ್ ಮಾಡೋಣವೆಂದು ನನ್ನ ಲೆಕ್ಕ. “ಪೀಣ್ಯ ಎರಡನೇ ಹಂತದಲ್ಲಿ ನನ್ನ ಲೇತ್ ಮಷೀನಿನ ಸಾಲ ಇನ್ನೂ 4 ವರ್ಷ ಬಾಕಿ ಇದೆಯಮ್ಮ. ನಾನು ಬರದೆ ಇದ್ದರೂ ಬ್ಯಾಂಕಿನವರು ಬಿಡಬೇಕಲ್ಲ?” ಎಂದೆ. ಹುಡುಗಿ ನಗಲಿಲ್ಲ. ಅಲ್ಲೇ ಮೊಬೈಲಿನಲ್ಲಿ ಬುಕ್ ಮಾಡಿದೆ. ಹೋಗುವ ದರದ ಎರಡರಷ್ಟು.

2023ರ ಡಿಸೆಂಬರ್ 1ರಿಂದ ಮಲೇಷ್ಯಾ ನಮಗೆ 30 ದಿನದವರೆಗೆ ವೀಸಾ ಬೇಡವೆಂದಿತು. ವಾಪಸ್ ಟಿಕೆಟ್ ಬೇಡ ಎನ್ನಲಿಲ್ಲ. ಅದನ್ನು ಮೊದಲು ಕೇಳುವವರು ವಿಮಾನದವರೇ. ಆ ದೇಶ ಒಳಗೆ ಬಿಡದಿದ್ದರೆ ನಮ್ಮನ್ನು ಹೊತ್ತು ತರುವ ಹೊಣೆ ಅವರದು, ಎಷ್ಟೋ ಕಡೆ ದಂಡವೂ ಬೀಳುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಬೀಗಿತ್ತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ ವಾಪಸ್ ಟಿಕೆಟನ್ನು ಮೇಲಿಟ್ಟು ಚಟ್ನಿಪುಡಿಯನ್ನು ತಳಕ್ಕೆ ಸೇರಿಸಿದ್ದರು. ಅಲ್ಲಿ ಕೇಳಿದ್ದು ಚಟ್ನಿಪುಡಿಯನ್ನೇ.

ವಾಪಸ್ ಟಿಕೆಟಿನ ಈ ನಿಯಮ ನಮ್ಮ ಮನೆಗೂ ಬರಬೇಕು ಅನ್ನಿಸಿತು. “ಎರಡೇ ದಿನ, ಭಾವ” ಎಂದು ಹಾಸನದ ಬಸ್ಸಿನಿಂದ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದ ಬಾಮೈದನಿಗೆ ಇಂದು 41ನೇ ದಿನ. ಹೆಂಡತಿಗೆ ಹೇಳಿದೆ.

“ಆಗಲಿ, ನಿಮ್ಮಮ್ಮನಿಂದಲೇ ಶುರು ಮಾಡಿ” ಎಂದಳು.

ಸದ್ಯಕ್ಕೆ ನಿಯಮ ತಡೆಹಿಡಿಯಲಾಗಿದೆ.