ಕಟ್ಟಡ ರೆಡಿ, ರೈಟರ್ ಇಲ್ಲ

ಕೋಲ್ಕತ್ತದ ಸಾಲ್ಟ್ ಲೇಕ್, ಸೆಕ್ಟರ್ ಫೈವ್. ಸಾಫ್ಟ್‌ವೇರ್ ಕಚೇರಿಗಳೆದುರಿನ ಚಹಾದಂಗಡಿಯಲ್ಲಿ, ಲ್ಯಾಪ್‌ಟಾಪಿನ ಕಪ್ಪು ಪರದೆಯೊಳಗಿಂದ ಮಾತಿಗೆ ಸಿಕ್ಕವರು ಶ್ರೀಮಾನ್ ಎಂಕೆಡಾಕ್ಸ್. 2014ರಲ್ಲಿ ಟಾಮ್ ಕ್ರಿಸ್ಟಿ ಇವರನ್ನು ಲೋಕಕ್ಕೆ ಬಿಟ್ಟರು. ಮಾರ್ಕ್‌ಡೌನ್ ಕಡತಗಳನ್ನು ಕೈಗಿಟ್ಟರೆ ಕೈಪಿಡಿಯ ಜಾಲತಾಣ ಕಟ್ಟಿಕೊಡುವುದು ಕಸುಬು.

ಪ್ರಶ್ನೆ: ನಿಮ್ಮನ್ನು ಕಂಪ್ಯೂಟರಿಗೆ ಬರಮಾಡಿಕೊಳ್ಳುವುದು ಕಷ್ಟವೇ?

ಉತ್ತರ: ‘ಪಿಪ್ ಇನ್‌ಸ್ಟಾಲ್ ಎಂಕೆಡಾಕ್ಸ್’. ಒಂದೇ ಸಾಲು, ದಾದಾ. ಎಂಟರ್ ಒತ್ತಿ, ಚಹಾ ಮುಗಿಸಿ.

ಪ್ರಶ್ನೆ: ಒತ್ತಿದೆ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಕೆಂಪಕ್ಷರದಲ್ಲಿ ಬೈಯುತ್ತಿದೆಯಲ್ಲ?

ಉತ್ತರ: ಬೈದದ್ದು ನಾನಲ್ಲ, ನಿಮ್ಮ ಉಬುಂಟು. 2023ರಿಂದೀಚೆಗೆ ಡೆಬಿಯನ್, ಉಬುಂಟು ಮನೆತನದವರು ಸಿಸ್ಟಮ್ಮಿನ ಪೈಥಾನ್ ಹತ್ತಿರ ಪ್ಯಾಕೇಜು ತುಂಬುವ ಪಿಪ್ ಸುಳಿಯಲು ಬಿಡುವುದಿಲ್ಲ. ನನಗಾಗಿ ಏನೋ ಬದಲಿಸಲು ಹೋಗಿ ಅವರದ್ದೇನೋ ಮುರಿದುಬಿಟ್ಟರೆ ಎಂಬ ಭಯ.

ಪ್ರಶ್ನೆ: ಅಡ್ಡದಾರಿ?

ಉತ್ತರ: ಇದೆ. ಕಮಾಂಡಿನ ಕೊನೆಗೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂದು ಸೇರಿಸಬಹುದು. ಮಾಡಹೊರಟ ಹಾನಿಯನ್ನು ಹೆಸರಲ್ಲೇ ಒಪ್ಪಿಕೊಳ್ಳುವ ಇಂಥ ಸೌಲಭ್ಯ ಯಾವ ಸರ್ಕಾರಿ ಯೋಜನೆಯಲ್ಲೂ ಸಿಗದು. ಮರ್ಯಾದಸ್ಥರು ಮಾತ್ರ ‘ವೆನ್ವ್’ ಎಂಬ ಪ್ರತ್ಯೇಕ ಪೈಥಾನ್ ಕೋಣೆಯೊಂದನ್ನು ಮಾಡಿ, ಆಕ್ಟಿವೇಟ್ ಮಾಡಿ, ಅದರೊಳಗೆ ನನ್ನನ್ನು ಕೂರಿಸುತ್ತಾರೆ.

ಪ್ರಶ್ನೆ: ಒಂದು ಸಾಲು ಮೂರಾಯಿತು.

ಉತ್ತರ: ವೆನ್ವ್ ಪ್ಯಾಕೇಜೇ ಇಲ್ಲದಿದ್ದರೆ ನಾಲ್ಕು. ಮರುದಿನ ಹೊಸ ಟರ್ಮಿನಲ್ ತೆರೆದು ಆಕ್ಟಿವೇಟ್ ಮರೆತಿರೋ, ‘ಕಮಾಂಡ್ ನಾಟ್ ಫೌಂಡ್’. ನಾನು ಮನೆಯಲ್ಲೇ ಇರುತ್ತೇನೆ. ಶೆಲ್ಲಿಗೆ ವಿಳಾಸ ಗೊತ್ತಿರುವುದಿಲ್ಲ. ಬ್ಲಾಕಿನ ಅಕ್ಷರ ಮರೆತು ಸಾಲ್ಟ್ ಲೇಕಿನಲ್ಲಿ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಊರು ಅಂದ ಮೇಲೆ ನೆನಪಾಯಿತು, 1955ರಲ್ಲಿ ಇದೇ ಊರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಎಚ್‌ಇಸಿ-2ಎಂ ಇಂಗ್ಲೆಂಡಿನಿಂದ ಬಂದಿತ್ತು...

ಉತ್ತರ: ಹಿರಿಯರು! ಅವರಿಗೆ ಕೋಣೆ ಬೇಕಿತ್ತು, ನನಗೆ ಫೋಲ್ಡರ್ ಸಾಕು. ಆದರೂ ಗೊಣಗಾಟವೆಲ್ಲ ನನ್ನ ಪಾಲಿಗೆ. ನನ್ನ ಸೆಟ್ಟಿಂಗ್‌ಗಳ ಯಾಮಲ್ ಕಡತದಲ್ಲಿ ಸ್ಪೇಸ್ ಕೊಡಬೇಕಾದಲ್ಲಿ ಟ್ಯಾಬ್ ಒತ್ತುವುದು, ಎರರ್ ಬಂದರೆ ಕುಣಿಯಲಾರದವಳಂತೆ ನೆಲ ಡೊಂಕೆನ್ನುವುದು.

ಪ್ರಶ್ನೆ: ಇಷ್ಟಾದ ಮೇಲಾದರೂ ಕೈಪಿಡಿ ಸಿದ್ಧವೇ?

ಉತ್ತರ: ಸೈಟ್ ಸಿದ್ಧ. ಮೆನು ಉಂಟು, ಹುಡುಕುವ ಪೆಟ್ಟಿಗೆ ಉಂಟು. ಬರಹ ನನ್ನ ಇಲಾಖೆಯಲ್ಲ. ಈಸ್ಟ್ ಇಂಡಿಯಾ ಕಂಪನಿಯವರನ್ನು ನೋಡಿ: ಮೊದಲು ‘ರೈಟರ್’ ಎಂಬ ಗುಮಾಸ್ತರನ್ನು ಹಡಗು ಹತ್ತಿಸಿ ತಂದರು, ಅವರಿಗಾಗಿ ಲಾಲ್ ದಿಘಿಯ ದಡದಲ್ಲಿ ರೈಟರ್ಸ್ ಬಿಲ್ಡಿಂಗ್ ಎದ್ದದ್ದು ಆಮೇಲೆ. ಲೂಟಿಯಲ್ಲೂ ಒಂದು ಕ್ರಮವಿತ್ತು! ನಿಮ್ಮವರು ಮೊದಲು ನನ್ನನ್ನು ತರುತ್ತಾರೆ. ಥೀಮ್ ನೀಲಿಯೋ ಹಸಿರೋ ಎಂದು ಮೀಟಿಂಗ್ ಮೇಲೆ ಮೀಟಿಂಗ್ ನಡೆಸುತ್ತಾರೆ. ‘ಬರೆಯುವವರು ಯಾರು?’ ಎಂದು ಕೇಳಿದೊಡನೆ ಎಲ್ಲರಿಗೂ ಮೆಟ್ರೊ ಹಿಡಿಯುವ ಅವಸರ.

ಪ್ರಶ್ನೆ: ಹಾಗಾದರೆ ತಾಣದಲ್ಲಿ ಓದಲು ಏನಿರುತ್ತದೆ?

ಉತ್ತರ: ‘ಎಂಕೆಡಾಕ್ಸ್ ನ್ಯೂ’ ಎಂದಾಗ ನಾನೇ ಇಟ್ಟುಹೋಗುವ ಸ್ವಾಗತದ ಪುಟ. ಸದ್ಯಕ್ಕೆ ಅದೇ.

(ಓದುಗರಲ್ಲಿ ವಿನಂತಿ: ಯಾವುದಾದರೂ ಕಂಪನಿಯ ಕೈಪಿಡಿ ತೆರೆದಾಗ ‘ವೆಲ್‌ಕಮ್ ಟು ಎಂಕೆಡಾಕ್ಸ್’ ಎಂದಷ್ಟೇ ಕಂಡರೆ ದಯವಿಟ್ಟು ಅವರಿಗೊಂದು ಫೋನ್ ಮಾಡಿ ಅಭಿನಂದಿಸಿ. ಇನ್‌ಸ್ಟಾಲೇಷನ್ ಯಶಸ್ವಿಯಾಗಿದೆ.)