ಲೇಥಿನ ಸಂಸಾರ

ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದವನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಅದೇ ಕೊಟ್ಟಿಗೆಯಲ್ಲಿ ಲೇಥ್ ನಿಲ್ಲಿಸಿದವನಿಗೆ ಆ ನೆಮ್ಮದಿಯಿಲ್ಲ. ನನ್ನದು ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೇ ಯಂತ್ರ. ಗುಜರಿಗೆ ಹೊರಟದ್ದು ನಮ್ಮೂರು ಕನ್ನೊಳ್ಳಿಗೆ ಬಂತು. ಅಂದಿನಿಂದ ಕಟ್ಟೆಯ ಮೇಲೆ ಕೂತವರ ವಿಚಾರಣೆ ನಡೆದೇ ಇದೆ.

"ಇದ್ರಾಗ ಏನ್ ಮಾಡ್ತೀರಿ?"

"ಟೂಲ್ ಮಾಡ್ತೀನ್ರಿ."

"ಟೂಲ್ ತಗೊಂಡ್ ಏನ್ ಮಾಡ್ತೀರಿ?"

"ಲೇಥಿಗೆ ಹಾಕ್ತೀನ್ರಿ."

ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?" ಎಂದು ವಿಚಾರಿಸಿ ಎದ್ದು ಹೋಗುತ್ತಾರೆ.

ಲೇಥ್ ತಾನಾಗಿ ಏನನ್ನೂ ಕೊರೆಯುವುದಿಲ್ಲ; ಹಿಡಿದು ತಿರುಗಿಸುತ್ತದೆ, ಅಷ್ಟೆ. ಕೊರೆಯುವುದು ಬೆರಳುದ್ದದ ಟೂಲ್. ಮುಖ ಸಪಾಟು ಮಾಡಲು ಒಂದು, ತುಂಡರಿಸಲು ಒಂದು, ತೂತು ಹಿಗ್ಗಿಸಲು ಒಂದು, ಥ್ರೆಡ್ ಹಾಕಲು 60 ಡಿಗ್ರಿ ಮೊನೆಯದು ಇನ್ನೊಂದು. ಅಂಗಡಿಯಲ್ಲಿ ಹೈಸ್ಪೀಡ್ ಸ್ಟೀಲಿನ ತುಂಡು ಸಿಗುತ್ತದೆ. ನೂರರಲ್ಲಿ 18 ಪಾಲು ಟಂಗ್‌ಸ್ಟನ್, 4 ಪಾಲು ಕ್ರೋಮಿಯಂ, 1 ಪಾಲು ವೆನೇಡಿಯಂ ಬೆರೆತ ಜಾತಿ ಹಳೆಯದು, ಪ್ರಸಿದ್ಧವಾದದ್ದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದವರು ಇಂಥ ಟೂಲಿನ ಮೊನೆ ಕೆಂಪಗೆ ಕಾದರೂ ಉಕ್ಕು ಕತ್ತರಿಸುವುದನ್ನು ತೋರಿಸಿ ಜಗತ್ತಿನ ಬಾಯಿ ಮುಚ್ಚಿಸಿದರು.

ಆದರೆ ಕೊಂಡ ಟೂಲಿನಲ್ಲಿ ಏನು ರುಚಿ? ನಾನು ಸವೆದ ಅರವನ್ನೇ ಕಾಯಿಸುತ್ತೇನೆ. ಅದು ಅಯಸ್ಕಾಂತಕ್ಕೆ ಅಂಟದ ಹೊತ್ತಿಗೆ, ಅಂದರೆ ಸುಮಾರು 770 ಡಿಗ್ರಿ ದಾಟಿದ ಮೇಲೆ, ಇನ್ನಷ್ಟು ಕಾಯಿಸಿ ಎಣ್ಣೆಗೆ ಅದ್ದಬೇಕು. ನಮ್ಮ ಕಡೆ ಎಣ್ಣೆಯೆಂದರೆ ಕುಸುಬಿ ಎಣ್ಣೆ. ಮೊದಲ ಸಲ ಅದ್ದಿದಾಗ ಓಣಿಯ ಹುಡುಗರೆಲ್ಲ ಭಜಿಯ ಆಸೆಗೆ ಬಂದು ನಿಂತರು. ಅರದ ತುಂಡು ನೋಡಿ ಅವರ ಮುಖವೂ ತಣ್ಣಗಾಯಿತು.

ಹೀಗೆ ಅದ್ದಿದ ಉಕ್ಕು ಗಾಜಿನ ಸ್ವಭಾವದ್ದು, ತಟ್ಟಿದರೆ ಚೂರು. ಉಜ್ಜಿ ಬೆಳ್ಳಗೆ ಮಾಡಿ, ಮೆಲ್ಲಗೆ ಮತ್ತೆ ಕಾಯಿಸಿ, ಒಣಗಿದ ಕಣಿಕಿಯ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ನಾನು ಇದನ್ನು ಅಂಗಳದ ಬಿಸಿಲಲ್ಲಿ ಮಾಡಹೊರಟಾಗ ನಮ್ಮೂರಿನ ಕಂಬಾರ ಮುತ್ಯಾ ತಡೆದರು. ಥರ್ಮಾಮೀಟರ್ ನೋಡದೆ, ವರ್ಷದ ಆಯದ ಜೋಳಕ್ಕೆ ಊರಿನ ಕುಡಗಳನ್ನೆಲ್ಲ ತಟ್ಟಿಕೊಟ್ಟ ಕೈ ಅದು. "ಬಿಸಲಾಗ ಬೆಂಕಿ ಬಣ್ಣ ಕಾಣಂಗಿಲ್ಲೋ ತಮ್ಮಾ, ನೆಳ್ಳಿಗೆ ಬಾ" ಎಂದರು. ಸಾಣೆ ಹಿಡಿದ ಟೂಲನ್ನು ತಿರುವಿ ನೋಡಿ, "ಅಲಗಿನ ಹಿಂದ ಇನ್ನಾ ಜಾಗ ಬಿಡು. ಅಲಗಷ್ಟಽ ತಾಗ್ಬೇಕು, ಮೈ ತಾಗಬಾರ್ದು" ಎಂದರು. ಪುಸ್ತಕಗಳು ಕ್ಲಿಯರೆನ್ಸ್ ಕೋನ, ಆರರಿಂದ ಎಂಟು ಡಿಗ್ರಿ ಎಂದು ಚಿತ್ರ ಬರೆದು ವಿವರಿಸುವುದೂ ಇದನ್ನೇ.

ಈ ನಡುವೆ ಪಕ್ಕದ ಹೊಲದವರು ಪಂಪಿನ ಬುಶ್ ತಂದರು. ಅದರ ತೂತು ಹಿಗ್ಗಿಸಲು ಬೋರಿಂಗ್ ಬಾರ್ ಬೇಕು. ಬಾರ್ ಹಿಡಿಯಲು ಹೋಲ್ಡರ್ ಬೇಕು. ಹೋಲ್ಡರ್ ಕೊರೆಯಲು ಬೇರೆ ಟೂಲ್ ಬೇಕು. ಮೂರೂ ಸೊಗಸಾಗಿ ತಯಾರಾದವು. ಅಷ್ಟರಲ್ಲಿ ಅವರು ಸಿಂದಗಿಗೆ ಹೋಗಿ ಬುಶ್ ಹಾಕಿಸಿ, ನೀರು ಹಾಯಿಸಿ, ಹಾದಿಯಲ್ಲಿ ಸಿಕ್ಕಾಗ ನನ್ನ ಬಾರ್ ಹೇಗಿದೆ ಎಂದು ಕೇಳಿದರು. ಮರ್ಯಾದಸ್ಥರು.

ಮನೆಯಾಕೆ ಅಷ್ಟು ಮರ್ಯಾದೆ ತೋರಿಸಲಿಲ್ಲ. ಎಣ್ಣೆಯ ಡಬ್ಬಿ ತೋರಿಸಿ ಲೆಕ್ಕ ಕೇಳಿದಳು. ನಾನು ಇತಿಹಾಸದ ಆಶ್ರಯ ಪಡೆದೆ: "ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ ಅಂಬಾಂವ 1800ರ ಸುಮಾರಿಗೆ ಲೇಥಿನ್ಯಾಗ ಸ್ಕ್ರೂ ಮಾಡಿದ. ಆ ಸ್ಕ್ರೂದಿಂದ ಇನ್ನೂ ಛಲೋ ಲೇಥ್, ಅದ್ರಿಂದ ಇನ್ನೂ ಛಲೋ ಸ್ಕ್ರೂ. ಜಗತ್ತಿನ ಕಾರ್ಖಾನಿ ಎಲ್ಲಾ ಹಂಗಽ ಹುಟ್ಟ್ಯಾವು."

"ಆತಗ ಹೇಣ್ತಿ ಮಕ್ಕಳು ಇದ್ರೇನು?"

"ಇದ್ರು. ನಾಲ್ಕು ಮಂದಿ ಗಂಡುಮಕ್ಕಳು."

"ಆ ತಾಯಿ ಪುಣ್ಯಾತ್ಗಿತ್ತಿ," ಎಂದು ಡಬ್ಬಿಯನ್ನು ಮಾಡದೊಳಗಿಟ್ಟು ಬೀಗ ಹಾಕಿದಳು. ಬೀಗ ಹಳೆಯದು, ಅದಕ್ಕೊಂದು ಕೀಲಿ ಮಾಡಬಹುದು. ಆದರೆ ಮೊದಲು ಅದಕ್ಕೆ ತಕ್ಕ ಟೂಲ್ ಬೇಕು.