ಕೊಸರು ಮತ್ತು ಕ್ಯಾಲ್ಸಿಯಂ

ತರಕಾರಿ ಕೊಳ್ಳಲು ಹೊರಟ ಮನುಷ್ಯನಿಗೆ ಬುದ್ಧಿ ಹೇಳುವುದು ಸುಲಭವಲ್ಲ. ಕೈಗೆ ಚೀಲ ಬಂತೆಂದರೆ ಅವನಿಗೆ ಎಲ್ಲವೂ ಗೊತ್ತು. ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ತೀರ್ಪು ಕೊಡುತ್ತಾನೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ಜಾತಕ ಓದುತ್ತಾನೆ. ಹೆಂಡತಿ ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಇದ್ದರೂ ಹತ್ತು ಜನರ ಮುಂದೆ ಅದನ್ನು ತೆಗೆದು ನೋಡುವುದು ಅವನ ಮರ್ಯಾದೆಗೆ ಕಮ್ಮಿ. ಇಂಥವನನ್ನು ಸಂತೆಯ ನಟ್ಟನಡುವೆ ತಡೆದು, ‘ಸರ್, ನಿಮ್ಮ ದಿನದ ಊಟದಲ್ಲಿ ನಾರಿನಂಶ ಎಷ್ಟಿರುತ್ತೆ?’ ಎಂದು ಕೇಳಬೇಕಾದರೆ ಎಂಟೆದೆ ಬೇಕು.

ಆ ಎಂಟೆದೆಯವರು ಸೆಪ್ಟೆಂಬರಿನಲ್ಲಿ ಸಿಗುತ್ತಾರೆ. ತಿಂಗಳ 1ರಿಂದ 7ರವರೆಗೆ ರಾಷ್ಟ್ರೀಯ ಪೌಷ್ಟಿಕ ಆಹಾರ ಸಪ್ತಾಹ. 1982ರಿಂದ ನಡೆದುಕೊಂಡು ಬಂದಿರುವ ಆಚರಣೆ. ಮೈಸೂರಿನ ನಮ್ಮ ಬಡಾವಣೆಯ ಭಾನುವಾರದ ರೈತ ಸಂತೆಗೆ ಆ ವಾರ ಆಹಾರ ವಿಜ್ಞಾನ ಓದುವ ಹುಡುಗಿಯರ ತಂಡವೊಂದು ಬಂದು ಶಾಮಿಯಾನ ಹಾಕಿತು. ಒಂದು ಮೇಜು, ಬಣ್ಣಬಣ್ಣದ ಚಾರ್ಟು, ಮೈಕು, ಅದರ ಪಕ್ಕದಲ್ಲಿ ತೂಕದ ಯಂತ್ರ. ಸಂತೆಯಲ್ಲಿ ತೂಗುವುದು ಟೊಮೆಟೊವನ್ನು ಎಂದು ನಂಬಿಕೊಂಡಿದ್ದ ಜನಕ್ಕೆ, ಇಲ್ಲಿ ಗಿರಾಕಿಯನ್ನೇ ತೂಗುತ್ತಾರೆ ಎಂದು ಗೊತ್ತಾದಾಗ ಸಾಲು ಸ್ವಲ್ಪ ಹಿಂದೆ ಸರಿಯಿತು. ಪಂಚೆ ಉಟ್ಟ ಹಿರಿಯರೊಬ್ಬರು ಮಾತ್ರ ಧೈರ್ಯ ಮಾಡಿದರು. ಮೊದಲು ಚೀಲ ಕೆಳಗಿಟ್ಟರು, ಆಮೇಲೆ ಚಪ್ಪಲಿ, ಆಮೇಲೆ ಕೈಗಡಿಯಾರ, ಕೊನೆಗೆ ಕನ್ನಡಕ. ಕನ್ನಡಕ ತೆಗೆದದ್ದರಿಂದ ಅಂಕಿ ಎಷ್ಟೆಂದು ಅವರಿಗೆ ಕಾಣಿಸಲಿಲ್ಲ. ‘ಎಷ್ಟಾದರೂ ಬರಲಿ, ಕೊಸರು ಕಳೆದು ಹೇಳಮ್ಮ’ ಎಂದರು.

ಹುಡುಗಿಯರ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ತೊಂದರೆ ಇದ್ದದ್ದು ಲೆಕ್ಕದಲ್ಲಿ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಕಾರ ಒಬ್ಬ ಮನುಷ್ಯ ದಿನಕ್ಕೆ ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ತಿನ್ನಬೇಕು. ಒಟ್ಟು ಅರ್ಧ ಕೆ.ಜಿ. ಕೇಳಲು ಹಿತವಾಗಿಯೇ ಇದೆ. ಆದರೆ ನಮ್ಮ ಮನೆಯಲ್ಲಿ ನಾಲ್ಕು ಜನ, ಸಂತೆ ವಾರಕ್ಕೊಮ್ಮೆ. ದಿನಕ್ಕೆ 2 ಕೆ.ಜಿ. ಎಂದರೆ ವಾರಕ್ಕೆ 14 ಕೆ.ಜಿ. ಆಲೂಗಡ್ಡೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲವಂತೆ. ಅದು ಪಿಷ್ಟದ ಪಂಗಡ. ಅಲ್ಲಿಗೆ ನಮ್ಮ ಮನೆಯ ತರಕಾರಿಯ ಅರ್ಧಭಾಗ ಒಂದೇ ವಾಕ್ಯದಲ್ಲಿ ಅನರ್ಹವಾಯಿತು. 14 ಕೆ.ಜಿ.ಯನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿದರೆ ಸ್ಕೂಟರ್ ಮೂತಿ ಎತ್ತಿ ನಿಲ್ಲುತ್ತದೋ ಬಗ್ಗುತ್ತದೋ ಎಂದು ನಾನು ಯೋಚಿಸುತ್ತಿದ್ದರೆ, ನನ್ನವಳು ಚಾರ್ಟಿನ ಮುಂದೆ ನಿಂತು, ‘ಇದನ್ನೆಲ್ಲ ಬಿಡಿಸಿ, ತೊಳೆದು, ಹೆಚ್ಚೋರು ಯಾರು ಅಂತ ಇದರಲ್ಲಿ ಬರೆದಿಲ್ಲವಲ್ಲಮ್ಮ’ ಎಂದಳು. ಹುಡುಗಿ ನನ್ನ ಕಡೆ ನೋಡಿದಳು. ನಾನು ಪಕ್ಕದ ಕುಂಬಳಕಾಯಿಯ ಕಡೆ ನೋಡಿದೆ.

ಮುಂದಿನ ಪಾಠ ಕಬ್ಬಿಣದ್ದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮಾಂಸದಲ್ಲಿರುವುದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆಯಂಥ ಹುಳಿ, ಅಂದರೆ ಸಿ ವಿಟಮಿನ್, ಇದ್ದರೆ ಹತ್ತುತ್ತದೆ. ಇಲ್ಲಿಯವರೆಗೆ ಜನ ತಲೆದೂಗಿದರು. ಆಮೇಲೆ ಆಕೆ, ಊಟ ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಟೀ ಕುಡಿಯಬಾರದು, ಅದರೊಳಗಿನ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದಳು. 2024ರ ಆಹಾರ ಮಾರ್ಗಸೂಚಿಯಲ್ಲೂ ಹಾಗೇ ಇದೆ. ಇರಲಿ, ಆದರೆ ಮೈಸೂರಿನಲ್ಲಿ ನಿಂತು ಇಡ್ಲಿಗೂ ಕಾಫಿಗೂ ನಡುವೆ ಒಂದು ಗಂಟೆ ಅಂತರ ಇಡಿ ಎನ್ನುವುದು ಮದುವೆ ಮನೆಯಲ್ಲಿ ವಾಲಗ ನಿಲ್ಲಿಸಿ ಎಂದಂತೆ. ಸಭೆಯಲ್ಲಿ ಗುಸುಗುಸು ಎದ್ದಿತು. ಒಬ್ಬರು ಎದ್ದು ಹೋದರು, ಕಾಫಿಗೇ ಇರಬೇಕು.

ಸಂತೆಯ ಗಿರಾಕಿಗೆ ಪೌಷ್ಟಿಕತೆ ಎಂದರೆ ಒಂದೇ ಪ್ರಶ್ನೆ: ‘ಇದು ತಿಂದರೆ ಶುಗರ್ ಇಳಿಯುತ್ತಾ?’ ಹಾಗಲಕಾಯಿ, ನೇರಳೆ ಬೀಜ, ಮೆಂತ್ಯ, ನವಣೆ, ಎಲ್ಲದರ ಮುಂದೆಯೂ ಅದೇ ಪ್ರಶ್ನೆ. ಏನನ್ನು ಬಿಟ್ಟರೆ ಇಳಿಯುತ್ತೆ ಎಂದು ಕೇಳಿದವರನ್ನು ನಾನು ಕಾಣೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಸಾಮೆ, ಊದಲು, ಕೊರಲೆಗಳು ಗೋಣಿಚೀಲದಿಂದೆದ್ದು ಗಾಜಿನ ಡಬ್ಬಿಗೆ ಬಂದು ಕೂತಿವೆ, ಬೆಲೆಯೂ ಅವುಗಳ ಜೊತೆ ಎದ್ದಿದೆ. ರಾಗಿಯ ವಿಷಯಕ್ಕೆ ಬಂದರೆ, ಆ ಹುಡುಗಿಯರ ಚಾರ್ಟಿನಲ್ಲಿ ನನಗೆ ನಿಜವಾಗಿ ಹೆಮ್ಮೆಯೆನಿಸಿದ ಸಾಲು ಅದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ; ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ತಳಿಗೂ ಆಫ್ರಿಕಾದ ತಳಿಗೂ ನಂಟು ಕೂಡಿಸಿ ‘ಇಂಡಾಫ್’ ರಾಗಿ ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು; ಧಾನ್ಯದ ಹೆಸರೇ ಬಿರುದಾಗುವ ಭಾಗ್ಯ ಎಷ್ಟು ವಿಜ್ಞಾನಿಗಳಿಗೆ ಸಿಕ್ಕಿದೆ? ಆದರೆ ಪಿಷ್ಟದ ಕಾಲಂನಲ್ಲಿ ರಾಗಿ ಅಕ್ಕಿಗಿಂತ ತುಸು ಕೆಳಗಿದೆ, ಅಷ್ಟೆ. ‘ಶುಗರ್‌ಗೆ ಒಳ್ಳೇದು’ ಎಂದು ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಮುರಿದು, ಸಂಜೆ ಮೀಟರನ್ನು ಬೈಯುವ ಗೆಳೆಯರು ನನಗಿದ್ದಾರೆ.

ಇಷ್ಟೆಲ್ಲ ನಡೆಯುವಾಗ ಶಾಮಿಯಾನದ ಆಚೆ, ಗೋಣಿತಟ್ಟಿನ ಮೇಲೆ ಸೊಪ್ಪು ಹರಡಿಕೊಂಡು ಕೂತ ಅಜ್ಜಿ ನನ್ನನ್ನು ಕರೆದಳು.

‘ಏನ್ ಸೋಮಿ, ಆ ಮಕ್ಳು ಏನ್ ಯೋಳ್ತಾವೆ?’

‘ಸೊಪ್ಪು ತಿನ್ನಿ ಅಂತ ಹೇಳ್ತಿದ್ದಾರೆ ಅಜ್ಜಿ.’

‘ಅದ್ಕೆ ಮೈಕ್ ಯಾಕೆ?’

ಅವಳ ಮುಂದೆ ಬೆರಕೆ ಸೊಪ್ಪಿನ ಗುಡ್ಡೆ ಇತ್ತು. ಹೊಲದ ಬದುವಿನಲ್ಲಿ ತಾವಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ, ಎಲ್ಲವೂ ಒಟ್ಟಿಗೆ. ಚಾರ್ಟಿನಲ್ಲಿ ಇದಕ್ಕೆ ಚಿತ್ರವಿರಲಿಲ್ಲ. ಅಲ್ಲಿದ್ದದ್ದು ಪಾಲಕ್ ಮತ್ತು ಬ್ರೊಕೋಲಿ. ಹಿಂದೆಯೇ ಬಂದಿದ್ದ ಹುಡುಗಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು, ‘ಇದನ್ನ ಹೇಗೆ ಮಾಡ್ತೀರ ಅಜ್ಜಿ?’ ಎಂದು ಕೇಳಿದಳು. ಅಜ್ಜಿಯ ಪಾಠ ಶುರುವಾಯಿತು. ‘ಕಾಳ್ ಜೊತೆ ಬೇಯ್ಸವ್ವ. ಬಸ್ಕೊ. ಸೊಪ್ನ ಒಗ್ಗರಣೆ ಹಾಕಿ ಪಲ್ಯ ಮಾಡು, ಆ ಕಟ್ನಲ್ಲಿ ಸಾರ್ ಮಾಡು. ಕಟ್ ಚೆಲ್ಬ್ಯಾಡ, ಸತ್ವ ಎಲ್ಲ ಅದ್ರಲ್ಲೇ ಇರಾದು. ಕೆಳಗಿಳ್ಸಿದ್ ಮ್ಯಾಕೆ ನಿಂಬೆಹಣ್ಣು ಹಿಂಡ್ಕೊ.’

ಹುಡುಗಿ ಬರೆದುಕೊಳ್ಳುತ್ತಾ, ಸೊಪ್ಪಿನ ಫೋಲೇಟು, ಸಿ ವಿಟಮಿನ್ನು ನೀರಿನಲ್ಲಿ ಕರಗಿ ಹೋಗುತ್ತವೆ, ಆ ನೀರನ್ನೇ ಸಾರು ಮಾಡಿದರೆ ನಷ್ಟ ಕಡಿಮೆ, ನಿಂಬೆಯ ಸತ್ವ ಬಿಸಿಗೆ ಕೆಡುತ್ತದೆ, ಆದ್ದರಿಂದ ಒಲೆಯಿಂದ ಇಳಿಸಿದ ಮೇಲೆ ಹಿಂಡುವುದು ಸರಿ ಎಂದು ನನಗೆ ವಿವರಿಸಿದಳು. ‘ಅದ್ನೇ ನಾ ಯೋಳಿದ್ದು’ ಎಂದಳು ಅಜ್ಜಿ. ಶಾಮಿಯಾನದಲ್ಲಿ ತೂಕಡಿಸುತ್ತಿದ್ದ ಜನ ಒಬ್ಬೊಬ್ಬರಾಗಿ ಈ ಕಡೆ ಬಂದರು. ಯಾರಿಗೂ ಮಿಲಿಗ್ರಾಂ ಬೇಕಿರಲಿಲ್ಲ. ಕಾಳು ಯಾವುದು, ಅಲಸಂದೆಯೋ ಹುರುಳಿಯೋ, ಖಾರಕ್ಕೆ ಬೆಳ್ಳುಳ್ಳಿ ಎಷ್ಟು ಎಸಳು ಎಂಬುದು ಬೇಕಿತ್ತು. ಗುಡ್ಡೆ ಅರ್ಧ ಗಂಟೆಯಲ್ಲಿ ಖಾಲಿ.

ಇನ್ನು ಕೊಸರಿನ ವಿಷಯ. ವ್ಯಾಪಾರ ಮುಗಿದ ಮೇಲೆ ಚೀಲಕ್ಕೆ ಎರಡೆಸಳು ಕರಿಬೇವು ಬೀಳದಿದ್ದರೆ ನಮಗೆ ಸಂತೆ ಮಾಡಿದಂತೆಯೇ ಅನ್ನಿಸುವುದಿಲ್ಲ. ಹೀಗೆ ಹೋರಾಡಿ ಪಡೆದ ಕರಿಬೇವನ್ನು ಒಗ್ಗರಣೆಗೆ ಹಾಕಿ, ತಟ್ಟೆಯಲ್ಲಿ ಕಂಡೊಡನೆ ಒಂದೊಂದಾಗಿ ಹೆಕ್ಕಿ ಅಂಚಿಗೆ ಸಾಲಾಗಿ ಜೋಡಿಸುತ್ತೇವೆ. ಕ್ಯಾಲ್ಸಿಯಂ ಪಟ್ಟಿಯಲ್ಲಿ ಈ ಎಲೆ ರಾಗಿಗಿಂತಲೂ ಮೇಲಿದೆ ಎಂದು ಹುಡುಗಿ ಹೇಳಿದಾಗ ನನ್ನವಳು ನನ್ನ ತಟ್ಟೆಯ ಅಂಚನ್ನು ನೆನೆಸಿಕೊಂಡಂತೆ ಕಂಡಿತು. ಪಟ್ಟಿಯ ಲೆಕ್ಕವೆಲ್ಲ 100 ಗ್ರಾಮಿಗೆ, ಅಷ್ಟು ಕರಿಬೇವು ತಿನ್ನಲು ಆಡೇ ಆಗಬೇಕು ಎಂದು ನಾನು ವಾದಿಸಿದೆ. ಅದು ನಿಜವೂ ಹೌದು. ಆದರೂ ಮೂಲಂಗಿ ಕೊಂಡು ‘ಸೊಪ್ಪು ಕಿತ್ಹಾಕಮ್ಮ, ಭಾರ’ ಎನ್ನುವುದು, ಬೀಟ್‌ರೂಟಿನ ಎಲೆಯನ್ನು ಅಲ್ಲೇ ಬಿಟ್ಟು ಬರುವುದು, ಆಮೇಲೆ ಔಷಧಿ ಅಂಗಡಿಯಲ್ಲಿ ಕ್ಯಾಲ್ಸಿಯಂ ಮಾತ್ರೆಗೆ ಸಾಲು ನಿಲ್ಲುವುದು, ಇದಕ್ಕೆ ಯಾವ ವಾದವೂ ಒಪ್ಪುವುದಿಲ್ಲ. ಸಿ ವಿಟಮಿನ್ನಿನಲ್ಲಿ ಸೇಬು ಸೀಬೆಯ ಹತ್ತಿರಕ್ಕೂ ಸುಳಿಯಲಾರದು. ಆಸ್ಪತ್ರೆಗೆ ನೋಡಲು ಹೋಗುವಾಗ ನಾವು ಒಯ್ಯುವುದು ಮಾತ್ರ ಸ್ಟಿಕ್ಕರ್ ಅಂಟಿಸಿದ ಸೇಬನ್ನೇ.

ಮಧ್ಯಾಹ್ನ ಸಂತೆ ಮುಗಿಯುವ ಹೊತ್ತಿಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಾಸು ಎಣಿಸಿ, ಗೇಟಿನ ಬೇಕರಿಯಿಂದ ಒಂದು ಬನ್ನು ಒಂದು ಟೀ ತರಿಸಿಕೊಂಡಳು. ಬೆಳಗಿನ ಜಾವ ಊರು ಬಿಟ್ಟವಳಿಗೆ ಅದೇ ಊಟ. ಇಡೀ ಬಡಾವಣೆಗೆ ಒಂದು ವಾರದ ಕಬ್ಬಿಣ ಹಂಚಿದವಳು ತನ್ನ ಪಾಲಿಗೆ ಟ್ಯಾನಿನ್ ಕುಡಿಯುತ್ತಿದ್ದಳು. ಚಾರ್ಟು ಸುರುಳಿ ಸುತ್ತುತ್ತಿದ್ದ ಹುಡುಗಿಯರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಹೇಳುವುದಾದರೂ ಏನು?

ಮುಂದಿನ ಸೆಪ್ಟೆಂಬರಿನಲ್ಲಿ ಶಾಮಿಯಾನ ಹಾಕುವವರಲ್ಲಿ ನನ್ನದೊಂದು ಅರಿಕೆ. ಮೇಜನ್ನು ಸೊಪ್ಪಿನ ಸಾಲಿನಲ್ಲೇ ಹಾಕಿ, ಮೈಕನ್ನು ಮನೆಯಲ್ಲೇ ಬಿಡಿ, ಪಾಠಕ್ಕೆ ಅಜ್ಜಿಯನ್ನು ಕೂರಿಸಿ. ಅವಳು ಹೇಳಿದ ಬಸ್ಸಾರನ್ನು ಅಲ್ಲೇ ಒಂದು ಪಾತ್ರೆ ಮಾಡಿ ಗಿರಾಕಿಗಳಿಗೆ ರುಚಿ ತೋರಿಸಿ. ಮೊದಲ ತಟ್ಟೆ ಮಾತ್ರ, ಮುದ್ದೆ ಸಮೇತ, ಅವಳಿಗೇ ಬಡಿಸಿ.